ರೊಟ್ಟಿ ಬಡಿಯುವವಳ ಕೈ ಎಲ್ಲಿ?

ಮೂಡಲಪಾಳ್ಯದ ಗುರುದೇವಿಯ ಕತೆಯನ್ನು ಇರುವೆಗಳಿಂದಲೇ ಶುರುಮಾಡಬೇಕು. ಬೇರೆ ದಾರಿಯಿಲ್ಲ.

ಎರಡು ವರ್ಷದ ಹಿಂದಿನ ಮಾತು. ವಿಜಯನಗರದಲ್ಲಿ ಪಾರ್ಕಿನ ಪಕ್ಕ ಒಂದು ಪುಟ್ಟ ಗ್ರಂಥಾಲಯವಿದೆ, ಬಡಾವಣೆಯ ಓದುಗರೇ ಕೂಡಿ ನಡೆಸುವಂಥದ್ದು. ಅದನ್ನು ನೋಡಿಕೊಳ್ಳುವ ನಾಗೇಂದ್ರನ ಮನೆಗೆ ವಾರಕ್ಕೆರಡು ಸಲ ಜೋಳದ ರೊಟ್ಟಿ ಕೊಡುತ್ತಿದ್ದವಳು ಗುರುದೇವಿ. ಮನೆಯಲ್ಲಿ ತಾಯಿಗೆ ಹೊತ್ತೇ ಹೋಗುವುದಿಲ್ಲ ಎಂದು ಅವಳು ಒಮ್ಮೆ ಹೇಳಿಕೊಂಡಾಗ ಆತ, ಚಿತ್ರದ ಪುಸ್ತಕಗಳಿವೆ, ಒಯ್ದು ತೋರಿಸಿ ಎಂದು ಕಾರ್ಡು ಮಾಡಿಸಿಕೊಟ್ಟ. ಗುರುದೇವಿ ಮುಧೋಳದ ಹತ್ತಿರದ ಊರಿನಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ದಪ್ಪ ಅಕ್ಷರ, ಪುಟಕ್ಕೆ ಎರಡು ಸಾಲು, ಉಳಿದದ್ದೆಲ್ಲ ಬಣ್ಣ. ಅವಳಿಗೆ ಹೇಳಿ ಮಾಡಿಸಿದ ಪುಸ್ತಕಗಳು. ಮೊದಲನೆಯದನ್ನು ವಾರದೊಳಗೆ ಮೂರು ಸಲ ಓದಿ ಮುಗಿಸಿ, ಹಿಂದಿರುಗಿಸಲು ಹೊರಟಳು.

ಅಲ್ಲೇ ಆದದ್ದು ಎಡವಟ್ಟು. ಅವಳ ಊರ ಕಡೆ ಯಾರದಾದರೂ ಮನೆಯಿಂದ ಪಾತ್ರೆಯಲ್ಲಿ ಏನಾದರೂ ಬಂದರೆ ಆ ಪಾತ್ರೆಯನ್ನು ಬರಿದಾಗಿ ವಾಪಸು ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಪುಸ್ತಕವೂ ಬಂದದ್ದೇ ತಾನೆ? ಗುರುದೇವಿ ಸಕ್ಕರೆಯನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ, ಪುಸ್ತಕದ ನಡುವೆ ಇಟ್ಟು, ಭಕ್ತಿಯಿಂದ ಕೊಟ್ಟು ಬಂದಳು. ನಾಲ್ಕನೆಯ ದಿನಕ್ಕೆ ಮಕ್ಕಳ ಕಪಾಟಿನ ತುಂಬ ಕೆಂಪಿರುವೆ. ಒಂದು ಮಗುವಿಗೆ ಕಚ್ಚಿ, ಅದರ ತಾಯಿ ಬಂದು ಕೂಗಾಡಿ, ನಾಗೇಂದ್ರನ ಪಿತ್ತ ನೆತ್ತಿಗೇರಿತು. ಪುಸ್ತಕದೊಳಗೆ ಕಾಗದ ಬಿಟ್ಟು ಇನ್ನೇನೂ ಇಡಕೂಡದು, ನಿಮ್ಮಿಂದ ಇನ್ನೊಂದು ದೂರು ಬಂದರೆ ಕಾರ್ಡು ವಾಪಸ್ ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ.

ಕಾಗದ ಇಡಬಹುದು ಎಂದನಲ್ಲ, ಗುರುದೇವಿ ಅಷ್ಟನ್ನೇ ಹಿಡಿದುಕೊಂಡಳು. ಬರಿದಾಗಿ ಕೊಡುವುದಂತೂ ಅವಳಿಂದಾಗದ ಕೆಲಸ. ಗೋಡೆಯ ಕ್ಯಾಲೆಂಡರಿನಿಂದ ಹರಿದ ದಿನದ ಹಾಳೆಯ ಹಿಂಬದಿಯಲ್ಲಿ, ಓದಿದ ಪುಸ್ತಕ ಹೇಗಿತ್ತು ಎಂದು ನಾಲ್ಕು ಮಾತು ಬರೆದು, ಕೆಳಗೆ ‘ಗು.’ ಎಂದು ಹಾಕಿ ಒಳಗಿಟ್ಟು ಕೊಡತೊಡಗಿದಳು. ನಾಗೇಂದ್ರ ಪುಸ್ತಕದ ಬೆನ್ನು ನೋಡಿ ಕಪಾಟಿಗೆ ಸೇರಿಸುವವನೇ ಹೊರತು ಹೊಟ್ಟೆ ಬಿಚ್ಚಿ ನೋಡುವವನಲ್ಲ.

ಆ ನಾಲ್ಕು ಮಾತು ಬರೆಯುವ ಸಂಭ್ರಮವನ್ನು ನೋಡಬೇಕಿತ್ತು. ಬೆಳಗಿನ ಐದಕ್ಕೆ ಒಲೆ ಹೊತ್ತಿಸಿದರೆ ಒಂದರವರೆಗೆ ಇನ್ನೂರು ರೊಟ್ಟಿ. ಗಂಡ ಬಾಳೇಶ ಅವನ್ನು ಗೂಡ್ಸ್ ಆಟೋದಲ್ಲಿ ಖಾನಾವಳಿಗಳಿಗೆ, ಪೀಜಿಗಳಿಗೆ ಮುಟ್ಟಿಸಿ, ಬಿನ್ನಿಪೇಟೆಯ ಕಡೆ ಬಾಡಿಗೆಗೆ ಹೋಗುತ್ತಿದ್ದ. ಮೂರು ಗಂಟೆಗೆ ಸರಿಯಾಗಿ ತಾಯಿ ಪಾರವ್ವ ಮಂಚದ ಮೇಲೆ ಕನ್ನಡಕ ಏರಿಸಿ ಕೂರುತ್ತಿದ್ದಳು. ಪಾರವ್ವನಿಗೆ ಎಪ್ಪತ್ತಾರು. ಅಕ್ಷರ ಬರುವುದಿಲ್ಲ. ಮಗಳಿಗೆ ರೊಟ್ಟಿ ಕಲಿಸಿದ ಕೈ ಈಗ ನಡುಗುತ್ತದೆ, ನಾಲ್ಕು ವರ್ಷದಿಂದ ಹಿಟ್ಟು ಮುಟ್ಟಿಲ್ಲ. ಆದರೆ ಕಣ್ಣು ಮಾತ್ರ ಗಿಡುಗನದು. ಗುರುದೇವಿ ಸಾಲು ಓದುವಳು, ಪಾರವ್ವ ಚಿತ್ರ ಓದುವಳು. ಸಾಲಿಗಿಂತ ಚಿತ್ರಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಇಬ್ಬರಿಗೂ ಮುಲಾಜು ಎಂಬುದೇ ಇರಲಿಲ್ಲ. ಎಮ್ಮೆಯ ಪುಸ್ತಕಕ್ಕೆ ಬರೆದದ್ದು: “ಎಮ್ಮಿ ಕೆಚ್ಚಲ ಮುಂಗಾಲಿನ ಹಂತೇಲೆ ಬರದಾರ. ಹಿಂಡೂದು ಹ್ಯಾಂಗ? ಎಮ್ಮಿ ಮಾರಿ ಮಾತ್ರ ಭಾಳ ಚಂದ ಐತಿ, ನಮ್ಮ ಸೋದರತ್ತಿ ಕಂಡಂಗ ಆತು.” ಆನೆಯೊಂದು ಮೆಟ್ರೋ ಹತ್ತುವ ಪುಸ್ತಕಕ್ಕೆ: “ಆನಿಗೆ ಟಿಕೀಟ ಯಾರು ಕೊಟ್ಟರು ಹೇಳಿಲ್ಲ. ಆದ್ರ ಬಾಗಿಲ ಮುಚ್ಚೂ ಮುಂದ ಅದರ ಬಾಲ ಸಿಗತೈತೋ ಏನೋ ಅಂತ ನಮಗ ಬೆವರ ಬಂತು. ಎರಡು ಸಲ ಓದೀವಿ.” ದೊಡ್ಡವರ ಮಾತು ಕೇಳಿದ ಮೊಲದ ಪುಸ್ತಕಕ್ಕೆ ಒಂದೇ ಸಾಲು: “ಕಡೀ ಹಾಳ್ಯಾಗ ಬುದ್ಧಿ ಹೇಳ್ಯಾರ. ಕೇಳಿದವರು ಯಾರು?” ಕಳೆದುಹೋದ ಒಂದು ಚಪ್ಪಲಿಯ ಬಗ್ಗೆ ಅಕ್ಷರವೇ ಇಲ್ಲದ ಪುಸ್ತಕವೊಂದು ಬಂದಾಗ ಪಾರವ್ವ ಅದನ್ನು ಮೂರು ದಿನ ಮೂರು ಬಗೆಯಲ್ಲಿ ಹೇಳಿ ಮಗಳನ್ನು ನಗಿಸಿ ನಗಿಸಿ ಸುಸ್ತು ಮಾಡಿದಳು. ಅದಕ್ಕೆ ಗುರುದೇವಿ ಬರೆದಳು: “ಇದರಾಗ ಅಕ್ಷರ ಇಲ್ಲ. ಅದಕ್ಕ ನಮ್ಮವ್ವ ಓದಿದಳು, ನಾ ಕೇಳಿದೆ. ಇಂಥಾವು ಇನ್ನ ಬರ್ಲಿ.”

ಈ ಚೀಟಿಗಳಿಗೆ ಓದುಗರು ಹುಟ್ಟಿಕೊಂಡಿದ್ದು ಗುರುದೇವಿಗೆ ಗೊತ್ತೇ ಇರಲಿಲ್ಲ. ಮಕ್ಕಳು ಪುಸ್ತಕ ಬಿಚ್ಚಿ ಮೊದಲು ಚೀಟಿ ಹುಡುಕುತ್ತಿದ್ದರು. ತಾಯಂದಿರು ಗೇಟಿನ ಹತ್ತಿರ ನಿಂತು ಅವನ್ನು ಓದಿ ನಗುತ್ತಿದ್ದರು. ಬರೆದವರು ಯಾರೆಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ತೀರ್ಮಾನ: ಗಂಗಾಧರಯ್ಯನವರು. ದಾವಣಗೆರೆ ಕಡೆಯಿಂದ ಬಂದು ಬಸವೇಶ್ವರನಗರದಲ್ಲಿ ನೆಲೆಸಿದ ನಿವೃತ್ತ ಬ್ಯಾಂಕ್ ಅಧಿಕಾರಿ. ಗ್ರಂಥಾಲಯದ ಫ್ಯಾನಿನಿಂದ ಹಿಡಿದು ಪತ್ರಿಕೆಯ ಸಂಪಾದಕೀಯದವರೆಗೆ ಅವರು ತಪ್ಪು ಹುಡುಕದ ವಸ್ತುವಿರಲಿಲ್ಲ. ಇಂಥ ಮಾತು ಅವರದಲ್ಲದೆ ಇನ್ಯಾರದು? ಕೆಳಗಿನ ‘ಗು.’ ಕೂಡ ಅವಸರದಲ್ಲಿ ಗೀಚಿದ ‘ಗಂ.’ ಎಂದೇ ಎಲ್ಲರೂ ಓದಿಕೊಂಡರು.

ಹೀಗಿರುವಾಗ ಒಂದು ದಿನ ನಾಗೇಂದ್ರ, ರೊಟ್ಟಿ ಮಾಡುವ ಹೆಂಗಸಿನ ಬಗ್ಗೆಯೇ ಹೊಸ ಚಿತ್ರಪುಸ್ತಕ ಬಂದಿದೆ, ಅದಕ್ಕೆ ಬಹುಮಾನವೂ ಬಂದಿದೆ ಎಂದ. ಗುರುದೇವಿ ಅಲ್ಲೇ ಸರದಿಗೆ ಹೆಸರು ಬರೆಸಿದಳು. ಆನೆಯ ಬಗ್ಗೆ ಪುಸ್ತಕ ಬರುತ್ತದೆ, ಚಂದ್ರನ ಬಗ್ಗೆ ಬರುತ್ತದೆ. ರೊಟ್ಟಿ ಬಡಿಯುವವಳ ಬಗ್ಗೆ ಬರುತ್ತದೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಮುಂದೆ ಆರು ಜನ ಸರದಿಯಲ್ಲಿದ್ದರು. ಮೂರು ವಾರ ಕಾದಳು. ಪ್ರತಿದಿನ ಪಾರವ್ವ, ಬಂತೇನು ಎಂದು ಕೇಳುವುದು, ಇವಳು ಇಲ್ಲ ಎನ್ನುವುದು. ಬಂದ ದಿನ ಇಬ್ಬರೂ ಕೈ ತೊಳೆದು, ಮಂಚಕ್ಕೆ ಒಗೆದ ದುಪ್ಪಟಿ ಹಾಸಿ ಕೂತರು. ಬಾಳೇಶನೂ ಬಾಡಿಗೆ ಬಿಟ್ಟು ಬಾಗಿಲಲ್ಲಿ ನಿಂತ.

ಬಣ್ಣವೆಂದರೆ ಬಣ್ಣ! ಒಲೆಯ ಬೆಂಕಿ ಹಾಳೆಯಿಂದ ಎದ್ದು ಬರುವಂತಿತ್ತು. ಹಂಚು ಸರಿಯಾಗಿತ್ತು, ಹಿಟ್ಟು ನಾದುವ ಕೊಣಮಿಗೆ ಸರಿಯಾಗಿತ್ತು, ರೊಟ್ಟಿ ಉಬ್ಬಿದ್ದಂತೂ ಮುಟ್ಟಿದರೆ ಸುಡುವ ಹಾಗೆ. ಗುರುದೇವಿ ಖುಷಿಯಿಂದ ಓದುತ್ತಲೇ ಹೋದಳು. ಕೊನೆಯ ಪುಟ ಮುಗಿದಾಗ ನೋಡಿದರೆ ಪಾರವ್ವನ ಹುಬ್ಬು ಗಂಟಿಕ್ಕಿತ್ತು. ಮತ್ತೊಮ್ಮೆ ತಿರುವು ಎಂದಳು. ತಿರುವಿದ್ದಾಯಿತು. ಇನ್ನೊಮ್ಮೆ ಎಂದಳು.

“ಈಕಿ ಕೈ ಎಲ್ಲಿ ಅವ ಗುರುದೇವಿ?” ಎಂದಳು ಪಾರವ್ವ ಕೊನೆಗೆ.

ಗುರುದೇವಿ ನೋಡಿದಳು. ಒಂದು ಚಿತ್ರದಲ್ಲಿ ಕೈಯಿರಬೇಕಾದ ಕಡೆ ಹಿಟ್ಟಿನ ಧೂಳು. ಇನ್ನೊಂದರಲ್ಲಿ ಸೆರಗು. ಮತ್ತೊಂದರಲ್ಲಿ ಬುಟ್ಟಿ ಅಡ್ಡ ಬಂದಿತ್ತು. ಹದಿನಾರು ಚಿತ್ರಗಳಲ್ಲಿ ಹೆಂಗಸು ಹದಿನಾರು ಸಲ ನಗುತ್ತಿದ್ದಳು, ಒಂದು ಸಲವೂ ಕೈ ಕಾಣಿಸಲಿಲ್ಲ. ಮೂರು ವಾರದ ಆಸೆಗೆ ತಣ್ಣೀರು ಬಿದ್ದಂತಾಯಿತು, ಮರುಗಳಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕ್ಯಾಲೆಂಡರ್ ಹಾಳೆ ಹರಿದು ಬರೆದಳು:

“ಬಣ್ಣ ಚಂದ ಅವ. ಒಲಿ ಚಂದ ಐತಿ. ಆದ್ರ ಹದಿನಾರು ಚಿತ್ರದಾಗ ರೊಟ್ಟಿ ಬಡಿಯಾಕಿಗೆ ಒಂದರಾಗೂ ಕೈ ಇಲ್ಲ. ರೊಟ್ಟಿ ನಕ್ಕರ ಆಗೂದಿಲ್ಲ, ಕೈಲೆ ಬಡದರ ಆಗತೈತಿ. ಇದನ್ನ ಬರದಾಕಿ ಒಂದಿನಾನೂ ಒಲಿ ಮುಂದ ಕುಂತಿಲ್ಲ. ಬಹುಮಾನ ಕೊಟ್ಟವರೂ ಕುಂತಿಲ್ಲ. ಗು.”

ಸಂಜೆ ಪುಸ್ತಕ ಕೊಟ್ಟು ಬಂದಳು. ಎರಡು ದಿನ ಕಳೆದು ರೊಟ್ಟಿ ಕೊಡಲು ಹೋದಾಗ ನಾಗೇಂದ್ರ ಹಿಗ್ಗಿನಿಂದ ಹೇಳಿದ: ಆ ಪುಸ್ತಕ ಮಾಡಿದ ಹುಡುಗಿ ರಕ್ಷಾ ಅಂತ, ಇಲ್ಲೇ ಕೆಂಗೇರಿಯವಳು. ಭಾನುವಾರ ನಮ್ಮಲ್ಲಿಗೆ ಬಂದು ಮಕ್ಕಳಿಗೆ ಓದಿ ಹೇಳ್ತಾಳೆ, ನೀವೂ ಬನ್ನಿ. ಗುರುದೇವಿಗೆ ತಟ್ಟನೆ ತಾನು ಬರೆದದ್ದು ನೆನಪಾಯಿತು. ಚೀಟಿ ಇನ್ನೂ ಪುಸ್ತಕದೊಳಗೇ ಇತ್ತು. ಸಿಟ್ಟಿನಲ್ಲಿ ಬರೆಯುವುದು ಬೇರೆ, ಬರೆದದ್ದನ್ನು ಆ ಹುಡುಗಿ ಹತ್ತು ಜನರ ಎದುರು ಓದುವುದು ಬೇರೆ. ಅದಕ್ಕಿಂತ ಹೆಚ್ಚಾಗಿ ಕಾರ್ಡು. ಇನ್ನೊಂದು ದೂರು ಬಂದರೆ ಕಾರ್ಡು ವಾಪಸ್ ಎಂದಿದ್ದನಲ್ಲ. ಕಾರ್ಡು ಹೋದರೆ ಮೂರು ಗಂಟೆಗೆ ಕನ್ನಡಕ ಏರಿಸಿ ಕೂರುವ ಅವ್ವನಿಗೆ ಏನು ತೋರಿಸುವುದು? ಶನಿವಾರ ರೊಟ್ಟಿ ಅರ್ಧಕ್ಕೆ ಬಿಟ್ಟು ಗ್ರಂಥಾಲಯಕ್ಕೆ ಓಡಿದಳು. ನಾಗೇಂದ್ರ ಆ ಪುಸ್ತಕವನ್ನು ಬಣ್ಣದ ಕಾಗದದಲ್ಲಿ ಸುತ್ತಿ, ರಿಬ್ಬನ್ ಕಟ್ಟಿ, ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದ. ಒಂದು ಸಲ ನೋಡಿ ಕೊಡುತ್ತೇನೆ ಎಂದು ಎಷ್ಟು ಕೇಳಿಕೊಂಡರೂ, ನಾಳೆ ಎಲ್ಲರ ಜೊತೆ ನೋಡಿ ಎಂದು ನಕ್ಕುಬಿಟ್ಟ.

ಭಾನುವಾರ ಮಂಡಿನೋವಿನ ಪಾರವ್ವನನ್ನು ಮನೆಯಲ್ಲೇ ಬಿಟ್ಟು ಗುರುದೇವಿ ಒಬ್ಬಳೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಮೂವತ್ತು ಮಕ್ಕಳು, ಅಷ್ಟೇ ದೊಡ್ಡವರು. ಮುಂದಿನ ಸಾಲಿನಲ್ಲಿ ಗಂಗಾಧರಯ್ಯನವರು, ಮೈಕು ಸರಿಯಿಲ್ಲ ಎಂದು ಆಗಲೇ ಹೇಳಿಯಾಗಿತ್ತು. ರಕ್ಷಾ ಇಪ್ಪತ್ತಾರರ ಸಣಕಲು ಹುಡುಗಿ, ಬೆರಳಿನ ತುಂಬ ಶಾಯಿ. ರಿಬ್ಬನ್ ಬಿಚ್ಚಿ ಪುಸ್ತಕ ತೆರೆದದ್ದೇ ತಡ, ಚೀಟಿ ಕಾಲ ಬಳಿ ಬಿತ್ತು.

ಮಕ್ಕಳಿಗೆ ಅದೇ ಬೇಕಿತ್ತು. ಚೀಟಿ, ಚೀಟಿ, ಓದಿ ಅಕ್ಕ ಎಂದು ಗಲಾಟೆ ಎದ್ದಿತು. ರಕ್ಷಾ ನಗುತ್ತಲೇ ಜೋರಾಗಿ ಓದಲು ಶುರುಮಾಡಿದಳು. ಒಲೆ ಚೆನ್ನಾಗಿದೆ ಎಂಬಲ್ಲಿಯವರೆಗೂ ನಗು ಇತ್ತು. ಮುಂದಿನ ಸಾಲಿಗೆ ದನಿ ಇಳಿಯಿತು, ಆದರೂ ನಿಲ್ಲಿಸದೆ ಕೊನೆಯವರೆಗೆ ಓದಿದಳು. ಅಷ್ಟರಲ್ಲಿ ಮುಂದಿದ್ದ ಮಕ್ಕಳು ಪುಸ್ತಕ ಎಳೆದುಕೊಂಡು ಪುಟಪುಟವನ್ನೂ ತಡಕಿ, ಹೌದು ಕಣೋ, ಇಲ್ಲೂ ಕೈ ಇಲ್ಲ, ಇಲ್ಲೂ ಇಲ್ಲ ಎಂದು ಪತ್ತೇದಾರರ ಹಾಗೆ ಎಣಿಸುತ್ತಿದ್ದರು.

ನಾಗೇಂದ್ರನ ಮುಖ ಕೆಂಪೇರಿತು. ನೇರವಾಗಿ ಗಂಗಾಧರಯ್ಯನವರ ಮುಂದೆ ಹೋಗಿ ನಿಂತ. ಫ್ಯಾನಿಗೆ ಬೈದಿರಿ ಸುಮ್ಮನಿದ್ದೆ, ಮನೆಗೆ ಕರೆದ ಅತಿಥಿಯನ್ನು ಹೀಗೆ ಅವಮಾನಿಸಿದರೆ ಹೇಗೆ ಎಂದ. ಗಂಗಾಧರಯ್ಯನವರು ತಬ್ಬಿಬ್ಬಾದರು. ತಾನು ಚಿತ್ರದ ಪುಸ್ತಕ ಮುಟ್ಟುವುದೇ ಇಲ್ಲ ಎಂದು ಆಣೆ ಇಟ್ಟರು. ಯಾರು ನಂಬುತ್ತಾರೆ? ಇಡೀ ಸಭೆ ಅವರನ್ನೇ ದುರುಗುಟ್ಟಿ ನೋಡುತ್ತಿತ್ತು. ಜೀವಮಾನವೆಲ್ಲ ತಪ್ಪು ಹುಡುಕಿದ ಮನುಷ್ಯ ಮೊದಲ ಸಲ ತಪ್ಪಿಲ್ಲದೆ ಸಿಕ್ಕಿಬಿದ್ದಿದ್ದರು, ಪಾಪ, ಅವರ ಕೈ ನಡುಗುತ್ತಿತ್ತು.

ಆ ನಡುಗುವ ಕೈ ನೋಡಿದ ಮೇಲೆ ಗುರುದೇವಿಗೆ ಕೂತಿರಲು ಆಗಲಿಲ್ಲ. ಎದ್ದು, ಬೆಂಚುಗಳ ನಡುವೆ ನಡೆದು ಬಂದು, ಕುಪ್ಪಸದೊಳಗಿನ ಪರ್ಸಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು.

“ಅವರನ್ನ ಬಿಡ್ರಿ. ಬರದಾಕಿ ನಾನ. ಕಾರ್ಡ ತಗೋರಿ,” ಎಂದಳು. ಆಮೇಲೆ ರಕ್ಷಾಳ ಕಡೆ ತಿರುಗಿ, “ಸಿಟ್ಟಿನಾಗ ಬರದೆ ತಂಗಿ, ಅದಕ್ಕ ಕ್ಷಮಾ ಮಾಡು. ಆದ್ರ ಬರದದ್ದು ಖರೇ ಐತಿ. ನಾ ಇಪ್ಪತ್ತು ವರ್ಷಾತು ರೊಟ್ಟಿ ಬಡಿಯಾಕ ಹತ್ತಿ. ಪುಸ್ತಕದಾಗ ನಮ್ಮಂಥಾಕಿ ಬಂದಾಳ ಅಂತ ಮೂರು ವಾರ ಕಾದೆ,” ಎಂದಳು.

ರಕ್ಷಾ ತನ್ನ ಶಾಯಿಯ ಬೆರಳುಗಳನ್ನು ನೋಡಿಕೊಂಡಳು.

“ನಂಗೆ ಕೈ ಬರೆಯೋಕೆ ಬರಲ್ಲ ಆಂಟಿ,” ಎಂದಳು. “ಕಾಲೇಜಿನಿಂದ್ಲೂ ಹಿಂಗೇ ಏನಾದ್ರೂ ಅಡ್ಡ ಇಟ್ಟು ಮುಚ್ಕೊಂಡು ಬಂದಿದೀನಿ. ಯಾರೂ ಹಿಡಿದಿರ್ಲಿಲ್ಲ. ಎರಡನೇ ಮುದ್ರಣಕ್ಕೆ ಒಂದು ತಿಂಗಳಿದೆ. ನಿಮ್ಮನೆಗೆ ಬರ್ಲಾ?”

ಮಕ್ಕಳು ಚಪ್ಪಾಳೆ ಹೊಡೆದರು. ನಾಗೇಂದ್ರ ಹೊಡೆಯಲಿಲ್ಲ. ಗಂಗಾಧರಯ್ಯನವರ ಕ್ಷಮೆ ಕೇಳಿ, ಕಾರ್ಡನ್ನು ಡ್ರಾಯರಿನೊಳಗೆ ಹಾಕಿ, ಸಮಿತಿಯವರು ತೀರ್ಮಾನ ಮಾಡುತ್ತಾರೆ ಎಂದ.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದರೆ ಪಾರವ್ವ ಕಾರ್ಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳ ಸಿಟ್ಟೇ ಬೇರೆ. “ಕಂಡಾಕಿ ನಾನು. ಎದ್ದು ನಿಂತು ನಾನ ಅನ್ನಾಕಿ ನೀನು,” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ತಾಯಿಯನ್ನು ಬೈಗುಳಕ್ಕೆ ಎಳೆಯಬಾರದೆಂದು ಹೆಸರು ಹೇಳಲಿಲ್ಲ ಎಂದು ಗುರುದೇವಿ ಎಷ್ಟು ಸಮಜಾಯಿಷಿ ಕೊಟ್ಟರೂ ಪಾರವ್ವ ಮಾತಾಡಲಿಲ್ಲ.

ಆ ಮುನಿಸು ಮುರಿದದ್ದು ರಕ್ಷಾ ಬಂದ ಮೇಲೆಯೇ. ಕೆಂಗೇರಿಯಿಂದ ಮೊದಲ ಮೆಟ್ರೋ ಹಿಡಿದು ಬರುತ್ತಿದ್ದಳು, ಹನ್ನೊಂದು ದಿನ, ಒಂದೂ ತಪ್ಪಿಸದೆ. ಒಲೆಯ ಮುಂದೆ ಕೂತು ಹಾಳೆಯ ಮೇಲೆ ಹಾಳೆ ಗೀಚುವಳು, ಹರಿಯುವಳು. ಮೂರನೆಯ ದಿನ ಪಾರವ್ವ ಮಂಚದಿಂದ ಇಳಿದು ಬಂದು, ಪೆನ್ಸಿಲ್ ಕಸಿದು ಬದಿಗಿಟ್ಟು, ಹಿಟ್ಟಿನ ಉಂಡೆಯನ್ನು ಹುಡುಗಿಯ ಅಂಗೈಗೆ ಹಾಕಿದಳು. ಕೈಗೆ ತಿಳಿಯದ್ದು ಪೆನ್ಸಿಲ್ಲಿಗೆ ಹೇಗೆ ತಿಳಿದೀತು ಎಂಬುದು ಅವಳ ವಾದ. ರಕ್ಷಾ ಬಡಿದ ಮೊದಲ ರೊಟ್ಟಿ ಕರ್ನಾಟಕದ ನಕಾಶೆಯಂತಾಯಿತು, ಎರಡನೆಯದು ಎತ್ತುವಾಗಲೇ ಹರಿಯಿತು. ಪಾರವ್ವ ತಾನು ರೊಟ್ಟಿ ಬಡಿಯಲಾರದೆ, ಗಾಳಿಯಲ್ಲೇ ಎರಡೂ ಕೈ ಆಡಿಸಿ ತೋರಿಸಿದಳು: ಅಂಗೈಯ ಬುಡದಿಂದ ಒತ್ತಬೇಕು, ಬೆರಳ ತುದಿಯಿಂದ ತಿರುಗಿಸಬೇಕು, ಏಟಿಗೊಮ್ಮೆ ರೊಟ್ಟಿ ತಾನೇ ಸುತ್ತಬೇಕು. ಒಂಬತ್ತನೆಯ ದಿನ ರಕ್ಷಾಳ ರೊಟ್ಟಿ ಹಂಚಿನ ಮೇಲೆ ಉಬ್ಬಿದಾಗ ಮೂವರು ಹೆಂಗಸರೂ ಕೂಗಿದ ಕೂಗಿಗೆ ಮೇಲಿನ ಮನೆಯವರು ಇಳಿದು ಬಂದರು. ಪಾರವ್ವ ಅಂದು ಮಗಳ ಜೊತೆ ಮಾತಾಡಿದಳು, ಅಷ್ಟೂ ದಿನದ್ದನ್ನು ಒಟ್ಟಿಗೆ ಆಡಿದಳು.

ಕೊನೆಯ ದಿನ ಗುರುದೇವಿ ಸ್ಟೀಲ್ ಡಬ್ಬಿಯಲ್ಲಿ ಹತ್ತು ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿ ರಕ್ಷಾಳಿಗೆ ಕೊಟ್ಟಳು. ಹುಡುಗಿ ಹೋದಳು. ವಾರವಾಯಿತು, ಎರಡಾಯಿತು. ಡಬ್ಬಿಯೂ ಇಲ್ಲ, ಕಾರ್ಡೂ ಇಲ್ಲ. ಮೂರು ಗಂಟೆಗೆ ಪಾರವ್ವ ಅಭ್ಯಾಸಬಲದಿಂದ ಕನ್ನಡಕ ಏರಿಸುವಳು, ಆಮೇಲೆ ನೆನಪಾಗಿ ತೆಗೆದಿಡುವಳು. ಅದನ್ನು ನೋಡುವುದು ಗುರುದೇವಿಗೆ ಬಹಳ ಕಷ್ಟವಾಗುತ್ತಿತ್ತು. ಬರೆಯಬಾರದಿತ್ತು ಎಂದು ಒಂದೆರಡು ಸಲ ಅನಿಸಿತು ಕೂಡ.

ಮೂರನೆಯ ವಾರ, ಒಂದು ಮಧ್ಯಾಹ್ನ, ಬಾಗಿಲು ಬಡಿದವನು ನಾಗೇಂದ್ರ. ಕೈಯಲ್ಲಿ ಅದೇ ಸ್ಟೀಲ್ ಡಬ್ಬಿ. ರಕ್ಷಾ ಗ್ರಂಥಾಲಯಕ್ಕೆ ಬಂದು ಕೊಟ್ಟು ಹೋದಳು ಎಂದ. ಸಮಿತಿಯ ಸಭೆಯಲ್ಲಿ ಗಂಗಾಧರಯ್ಯನವರೇ ಎದ್ದು ನಿಂತು, ಬಡಾವಣೆಯಲ್ಲಿ ತನಗಿಂತ ಚೆನ್ನಾಗಿ ತಪ್ಪು ಹಿಡಿಯುವವರು ಒಬ್ಬರಿದ್ದಾರೆ, ಅವರನ್ನು ಕಳೆದುಕೊಂಡರೆ ನಾವು ಮೂರ್ಖರು ಎಂದು ಮುಕ್ಕಾಲು ಗಂಟೆ ಮಾತಾಡಿದರಂತೆ. ಚೀಟಿಗಳು ಬರುವುದು ನಿಂತಿದೆ ಎಂದು ಮಕ್ಕಳ ಕಾಟ ಬೇರೆ. ಇಷ್ಟು ಹೇಳಿ ಡಬ್ಬಿಯನ್ನು ಮುಂದೆ ಚಾಚಿದ.

“ಬರೀ ಡಬ್ಬಿ ಕೊಡಬಾರ್ದಂತಲ್ಲ, ರಕ್ಷಾ ಹೇಳಿದ್ರು. ನಾನೂ ಒಂದು ಹಾಕಿದೀನಿ, ನೋಡಿ.”

ಗುರುದೇವಿ ಮುಚ್ಚಳ ತೆಗೆದಳು. ಮೇಲೆ ಅವಳ ಕಾರ್ಡು. ಅದರ ಕೆಳಗೆ ಸುರುಳಿ ಸುತ್ತಿದ ಒಂದು ಹಾಳೆ. ಬಿಚ್ಚಿದರೆ ಬರೀ ಕೈಗಳು. ಮುಖವಿಲ್ಲ, ಸೆರಗಿಲ್ಲ, ಧೂಳಿಲ್ಲ. ಹಾಳೆಯ ತುಂಬ ಎರಡು ಕೈ, ಕೆಳಗೆ ಅರ್ಧ ಸುತ್ತಿದ ರೊಟ್ಟಿ. ತನ್ನ ಕೈಯೇ ಇರಬೇಕೆಂದು ನೋಡಿದಳು, ಅಲ್ಲ. ನರ ಎದ್ದಿದ್ದವು, ಗೆಣ್ಣು ಊದಿದ್ದವು, ಎಡಗೈಯ ತೋರುಬೆರಳಿನ ಮೇಲೆ ಹಳೆಯ ಸುಟ್ಟ ಕಲೆ ಇತ್ತು. ಹಾಳೆಯನ್ನು ತಾಯಿಯ ಮಡಿಲಲ್ಲಿ ಇಟ್ಟಳು.

ಪಾರವ್ವ ಕನ್ನಡಕ ಏರಿಸಿದಳು. ಹಾಳೆಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ತನ್ನ ಎಡಗೈಯನ್ನು ಪಕ್ಕದಲ್ಲಿಟ್ಟು ಕಲೆಗೆ ಕಲೆ ತಾಳೆ ನೋಡಿದಳು. ಮಡಿಲಿನ ಕೈ ನಡುಗುತ್ತಿತ್ತು, ಹಾಳೆಯ ಕೈ ಗಟ್ಟಿಯಾಗಿ ಕೂತಿತ್ತು.

“ಇವು ಇನ್ನಾ ಬಡಿಯಾಕ ಹತ್ತ್ಯಾವಲ್ಲ ಗುರುದೇವಿ,” ಎಂದಳು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು. ನೋಡಿ, ಹೆಬ್ಬೆರಳು ಒಂದಿಷ್ಟು ದಪ್ಪ ಆಗಿದೆ, ಅದನ್ನು ಬರೆ ಎಂದಳು.

ಗುರುದೇವಿ ನಗುತ್ತ ಅಳುತ್ತ ಅಂದಿನ ಕ್ಯಾಲೆಂಡರ್ ಹಾಳೆ ಹರಿದು ಹಿಂಬದಿ ತಿರುಗಿಸಿದಳು. ನಾಗೇಂದ್ರ ಹೊಸ್ತಿಲಲ್ಲಿ ನಿಂತೇ ಇದ್ದ, ಒಯ್ಯುವುದು ಅವನೇ ತಾನೆ. ಅವಳು ಬರೆದಳು: “ಕೈ ಬಂದಾವ. ಹೆಬ್ಬಟ್ಟು ದಪ್ಪ ಆಗೇತಿ, ಸಣ್ಣದ ಮಾಡು. ಉಳದದ್ದೆಲ್ಲಾ ಖರೇ ಐತಿ.” ಕೆಳಗೆ ‘ಗು.’ ಎಂದು ಹಾಕಲು ಹೋದವಳು ತಾಯಿಯ ಮುಖ ನೋಡಿ ನಿಲ್ಲಿಸಿದಳು. ಇಡೀ ಹೆಸರು ಬರೆದಳು, ದಪ್ಪ ಅಕ್ಷರದಲ್ಲಿ: ಪಾರವ್ವ. ಅದರ ಕೆಳಗೆ, ಸ್ವಲ್ಪ ಸಣ್ಣದಾಗಿ: ಬರದಾಕಿ, ಮಗಳು ಗುರುದೇವಿ.